ಬಾಲದಕ್ಕನ ಚೈನು

ಜಲಾಶಯವನ್ನು ಸುತ್ತಿ ಬರುವ ಕಾಡುದಾರಿ ಮೂವತ್ತನಾಲ್ಕು ಕಿಲೋಮೀಟರು. ಅಣೆಕಟ್ಟಿನ ಪಕ್ಕದ ಸೈಕಲ್ ಶೆಡ್ಡಿನಿಂದ ಹೊರಟವರು ಗುಡ್ಡ ಹತ್ತಿ, ಗುಡ್ಡ ಇಳಿದು, ಕಲ್ಲು ಬೇರುಗಳ ಮೇಲೆ ಕುಲುಕುತ್ತ ನೀರಿನ ಅಂಚನ್ನೇ ಹಿಡಿದು ಹೋಗಿ, ಸಂಜೆ ಆರರೊಳಗೆ ರಾಷ್ಟ್ರೀಯ ಉದ್ಯಾನದ ಗೇಟು ದಾಟಿ ಹೊರಗೆ ಬಂದುಬಿಡಬೇಕು. ಹೀಗೆ ಹೊರಡುವ ಪ್ರತಿ ತಂಡಕ್ಕೂ ಮುಂದೆ ದಾರಿ ತೋರಿಸುವವನೊಬ್ಬ, ಹಿಂದೆ ಒಂದು ಬಾಲ. ಬಾಲದ ಕೆಲಸ ಹೇಳುವುದಕ್ಕೆ ಬಹಳ ಸುಲಭ. ಎಲ್ಲರಿಗಿಂತ ನಿಧಾನವಾಗಿ ಹೋಗುವವನು ಯಾರೋ, ಅವನ ಹಿಂದೆ ಹೋಗುವುದು. ಏನೇ ಆದರೂ ಅವನನ್ನು ದಾಟದಿರುವುದು. ಬಾಲದ ಸೀಟಿನ ಹಿಂದೆ ಒಂದು ಕೆಂಪು ಬಟ್ಟೆ ಕಟ್ಟಿರುತ್ತದೆ. ಅದು ಬಂದ ಮೇಲೆಯೇ ಗೇಟಿನವನು ಗೇಟು ಹಾಕುವುದು.

ಈ ಕೆಲಸವನ್ನು ಹತ್ತೊಂಬತ್ತು ವರ್ಷ ಮಾಡಿದವಳು ಬಾಲದಕ್ಕ. ಮೊದಲು ಅವಳು ಆ ಶೆಡ್ಡಿಗೆ ಬಂದದ್ದು ಸೈಕಲ್ ತೊಳೆಯಲು. ಒಂದು ದಿನ ಬಾಲದವನು ಬಿದ್ದು ಮಣಿಕಟ್ಟು ಮುರಿದುಕೊಂಡ. ಹೊರಗೆ ಹತ್ತು ಜನ ಹೆಲ್ಮೆಟ್ ಹಾಕಿಕೊಂಡು ಕಾಯುತ್ತಿದ್ದರು. ಯಜಮಾನ ಅತ್ತ ಇತ್ತ ನೋಡಿದ. ಗಂಡನ ಎತ್ತರದ ಸೈಕಲ್ಲಿನಿಂದ ಇಳಿಯುತ್ತಿದ್ದ ಅವಳು ಕಣ್ಣಿಗೆ ಬಿದ್ದಳು. "ಅಕ್ಕ, ಇವತ್ತೊಂದು ದಿನ ಸುಧಾರಿಸಿಬಿಡಿ" ಎಂದ. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ.

ಈ ಹತ್ತೊಂಬತ್ತು ವರ್ಷದಲ್ಲಿ ಅವಳು ನೋಡಿದ ಮುಖಗಳು ಕಡಿಮೆ, ಬೆನ್ನುಗಳು ಸಾವಿರಾರು. ಬೆನ್ನು ನೋಡಿಯೇ ಅವಳಿಗೆ ಎಲ್ಲವೂ ತಿಳಿಯುತ್ತಿತ್ತು. ಅಂಗಿಯ ಬೆವರು ಸೊಂಟದವರೆಗೆ ಇಳಿದರೆ ನೀರು ಕುಡಿಸಬೇಕು. ಹಿಮ್ಮಡಿ ಜೋತುಬಿದ್ದು ಭುಜ ಒಂದು ಕಡೆಗೆ ವಾಲಿದರೆ ಇನ್ನು ಮೂರು ನಿಮಿಷದಲ್ಲಿ ಆಸಾಮಿ ಕೆಳಗಿಳಿಯುತ್ತಾನೆ. ಆದರೆ ದಣಿದವನು ದಣಿದೆ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಹೆಂಡತಿ ಮಕ್ಕಳು ಮುಂದೆ ಹೋಗಿರುತ್ತಾರೆ, ಗೆಳೆಯರು ತಮಾಷೆ ಮಾಡುತ್ತಿರುತ್ತಾರೆ. ನಾಚಿಕೆಯಿಂದ ಹಲ್ಲು ಕಚ್ಚಿ ತುಳಿಯುತ್ತಲೇ ಇರುತ್ತಾನೆ. ಅಂಥ ಹೊತ್ತಿನಲ್ಲಿ ಬಾಲದಕ್ಕನ ಚೈನು ಬೀಳುತ್ತಿತ್ತು. "ಸ್ವಲ್ಪ ನಿಲ್ತೀರಾ? ಹಾಳಾದ ಚೈನು ಮತ್ತೆ ಬಿತ್ತು" ಎಂದು ಅವಳು ಕೂಗಿ ಹೇಳುವಳು. ಮುಂದಿನವನು ದೊಡ್ಡ ಉಪಕಾರ ಮಾಡುವವನಂತೆ ಇಳಿದು, ಕಲ್ಲಿನ ಮೇಲೆ ಕುಳಿತು, ಏದುಸಿರು ಬಿಡುವನು. ಅವನ ಉಸಿರು ಹದಕ್ಕೆ ಬರುವವರೆಗೂ ಚೈನು ಕೂರುತ್ತಿರಲಿಲ್ಲ.

ಈ ಗುಟ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಜಮಾನ ಪಾಪ, ಎರಡು ಸಲ ಚೈನನ್ನೇ ಬದಲಾಯಿಸಿ ಕೊಟ್ಟಿದ್ದ.

ಹೋದ ವರ್ಷದಿಂದ ಬಲಗಡೆಯ ಮೊಣಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಬೆಳಿಗ್ಗೆ ಮಂಚದಿಂದ ಏಳಬೇಕಾದರೆ ಕಿಟಕಿಯ ಸರಳು ಹಿಡಿಯಬೇಕು. ಪಂಪುಮನೆಯಲ್ಲಿ ಕೆಲಸ ಮಾಡುವ ಗಂಡ ದಿನವೂ ಮಾತಿಲ್ಲದೆ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದ. ದಣಿವು ಈಗ ರಾತ್ರಿಯ ನಿದ್ದೆಗೆ ಹೋಗುವಂಥದ್ದಾಗಿ ಉಳಿದಿರಲಿಲ್ಲ. ಒದ್ದೆ ಕಂಬಳಿಯಂತೆ ಮೈಮೇಲೆಯೇ ಇರುತ್ತಿತ್ತು. ಶೆಡ್ಡಿನ ಕಿಟಕಿಯ ಬಳಿ ರಿಪೇರಿ ಮೇಜೊಂದಿದೆ. ಮುಂದೆ ಒಂದು ಸ್ಟೂಲು, ಪಕ್ಕದಲ್ಲಿ ಟ್ಯೂಬಿನ ತೂತು ಹುಡುಕುವ ನೀರಿನ ಬೋಗುಣಿ. ಅಲ್ಲಿ ಕೂರುತ್ತಿದ್ದ ಮುದುಕ ತಿಂಗಳ ಕೊನೆಗೆ ಕೆಲಸ ಬಿಡುವವನಿದ್ದ. ಆ ಸ್ಟೂಲಿನ ಮೇಲೆ ಬಾಲದಕ್ಕನಿಗೆ ಎಷ್ಟು ಆಸೆಯಿತ್ತೆಂದರೆ, ಯಾರೂ ಇಲ್ಲದಾಗ ಎರಡು ಸಲ ಕುಳಿತೂ ನೋಡಿದ್ದಳು.

"ಆ ಜಾಗ ನಿಮ್ಮದೇ ಅಕ್ಕ, ಬೇರೆ ಮಾತಿಲ್ಲ" ಎಂದಿದ್ದ ಯಜಮಾನ. "ಆದ್ರೆ ಬಾಲಕ್ಕೆ ಒಬ್ಬರು ಬೇಕಲ್ಲ. ನೀವೇ ನೋಡಿ ಆರಿಸಿ. ನೀವು ಸೈ ಅಂದ್ರೆ ನಾನೂ ಸೈ."

ಇಬ್ಬರನ್ನು ಅವಳು ನೋಡಿ ವಾಪಸು ಕಳಿಸಿದ್ದಳು. ಒಬ್ಬ ಹಿಂದಿನಿಂದ ಸಿಳ್ಳೆ ಹಾಕುತ್ತಿದ್ದ. ಇನ್ನೊಬ್ಬ ದಣಿದವರಿಗೆ "ಇನ್ನೇನು ಬಂತು, ಇನ್ನೇನು ಬಂತು" ಎಂದು ಸುಳ್ಳು ಹೇಳಿ ಓಡಿಸುತ್ತಿದ್ದ. ಮೂರನೆಯವಳಾಗಿ ಬಂದವಳು ಅವಳ ನಾದಿನಿ. ಗಂಡನ ಕೊನೆಯ ತಂಗಿ, ಮೂವತ್ತೆಂಟು ದಾಟಿದವಳು. ಹುಡುಗಿಯಾಗಿದ್ದಾಗ ಸೈಕಲ್ ರೇಸಿನಲ್ಲಿ ಗೆದ್ದ ಕಪ್ಪುಗಳು ಅಲ್ಮಾರಿಯಲ್ಲಿದ್ದವು. ಮೊದಲಿನಿಂದಲೂ ಅಣ್ಣ ಅತ್ತಿಗೆಯ ಜೊತೆಗೇ ಇದ್ದವಳು, ದುಡಿಯುತ್ತಿದ್ದ ಹೊಲಿಗೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕೆಲಸವಿಲ್ಲದೆ ಮನೆಯಲ್ಲಿದ್ದಳು. ಕಾಲೂ ಚುರುಕು, ನಾಲಿಗೆಯೂ ಚುರುಕು.

"ಹಿಂದೆ ಹೋಗೋಕೂ ಪರೀಕ್ಷೆನಾ ಅತ್ತಿಗೆ? ಮುಂದೆ ಹೋಗೋದಕ್ಕೆ ಇರುತ್ತೆ ಅಂತ ಕೇಳಿದ್ದೆ" ಎಂದು ನಕ್ಕಳು.

"ನಗು, ನಗು. ಸಂಜೆ ನೋಡ್ತೀನಿ."

ಪರೀಕ್ಷೆಯ ದಿನ ಬಂದ ಎಂಟು ಮಂದಿಯೂ ಕಾಲೇಜಿನ ಸೈಕಲ್ ತಂಡದವರು, ಗಟ್ಟಿಗರು. ಕೆಂಪು ಬಟ್ಟೆಯನ್ನು ನಾದಿನಿಯ ಸೀಟಿಗೆ ಕಟ್ಟಲಾಯಿತು. ಬಾಲದಕ್ಕ ಅವತ್ತು ಬಂದ ಅತಿಥಿಗಳಲ್ಲಿ ಒಬ್ಬಳಂತೆ, ಬಾಲದ ಮುಂದೆ ಹೋಗಬೇಕು ಎಂದು ಮಾತಾಗಿತ್ತು. ಮೊದಲ ತಿರುವಿನಲ್ಲೇ ಎಂಟೂ ಜನ ಕಣ್ಮರೆಯಾದರು. ಬಾಲದಕ್ಕ ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದು, ಹಿಂದಿನವಳು ದಾಟಲಿ ಎಂದು ಕಾಲೂರಿ ನಿಂತಳು. ನಾದಿನಿಯೂ ನಿಂತಳು.

"ಅತ್ತಿಗೆ, ನೀವು ನಿಂತ್ರೆ ನಾನೂ ನಿಲ್ಲಬೇಕು. ಹೀಗೇ ಇಬ್ರೂ ನಿಂತಿದ್ರೆ ನಾಳೆ ಬೆಳಗಿನ ಕಾಫಿ ಇಲ್ಲೇ."

ಬಾಲದಕ್ಕ ತುಳಿಯತೊಡಗಿದಳು. ಆಗ ಅವಳಿಗೆ ತಿಳಿಯಿತು, ಇವತ್ತು ಎಲ್ಲರಿಗಿಂತ ನಿಧಾನ ತಾನೇ ಎಂದು.

ನೀರು ಬಹಳ ಕೆಳಗೆ ಇಳಿದಿತ್ತು. ದಡದ ಮಣ್ಣಿನಲ್ಲಿ ಇಳಿದ ನೀರಿನ ಗುರುತುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದವು. ಮುಳುಗಿದ್ದ ಮರಗಳ ಬೊಡ್ಡೆಗಳು ಕರ್ರಗೆ ಮೇಲೆದ್ದಿದ್ದವು. ಹಿಂದಿನಿಂದ ಟಯರಿನ ಸದ್ದು ಬರುತ್ತಲೇ ಇತ್ತು, ತೀರ ಹತ್ತಿರದಲ್ಲಿ.

"ಎರಡು ಬಸ್ಸಿನಷ್ಟು ದೂರ ಬಿಡು ಅಂದಿದ್ದೆ ನಿಂಗೆ."

"ಯಾವ ಬಸ್ಸು ಅಂತ ಹೇಳಿಲ್ಲ ನೀವು. ದೊಡ್ಡದಾ, ಮಿನಿ ಬಸ್ಸಾ?"

"ಬಾಯಿ ಮುಚ್ಕೊಂಡು ದೂರ ಇರೇ."

ಸ್ವಲ್ಪ ಹೊತ್ತು ಸದ್ದು ದೂರವಾಗುವುದು, ಮತ್ತೆ ಹತ್ತಿರವಾಗುವುದು. ಒಮ್ಮೆ ನಾದಿನಿಯ ಮುಂದಿನ ಚಕ್ರ ಬಂದು ಬಾಲದಕ್ಕನ ಹಿಂದಿನ ಚಕ್ರಕ್ಕೆ ತಾಗಿಯೇಬಿಟ್ಟಿತು. ಇನ್ನೊಮ್ಮೆ ಗಂಟೆ ಬಾರಿಸಿದಳು. ರೇಸಿನ ಕಾಲುಗಳು, ಅವಕ್ಕೆ ತಡೆಯುವುದೇ ಗೊತ್ತಿಲ್ಲ. ಹದಿನೈದನೆಯ ಕಿಲೋಮೀಟರಿನ ಕಲ್ಲು ದಾಟುವಾಗ ಬಾಲದಕ್ಕ ಮನಸ್ಸಿನಲ್ಲೇ ತೀರ್ಮಾನಿಸಿದಳು: ಇವಳಿಂದ ಆಗದು. ಮನೆಯವಳು ಎಂದು ಸೈ ಅಂದರೆ, ನಾಳೆ ಯಾವನೋ ಪಾಪದವನು ಇವಳ ಗಂಟೆ ಕೇಳಿಸಿಕೊಂಡು ಎದೆ ಹಿಡಿದುಕೊಂಡಾನು. ಇಲ್ಲ ಅಂದರೆ ಇನ್ನೊಂದು ವರ್ಷ ಇದೇ ಸೀಟು. ಕಿಟಕಿಯ ಬಳಿಯ ಸ್ಟೂಲು ಬೇರೆ ಯಾರದೋ ಆಗುತ್ತದೆ. ಕಣ್ಣಲ್ಲಿ ನೀರು ಬರುವಷ್ಟು ದುಃಖವೇನೂ ಆಗಲಿಲ್ಲ, ಅಷ್ಟು ತ್ರಾಣವೂ ಇರಲಿಲ್ಲ.

ಇಪ್ಪತ್ತೇಳನೆಯ ಕಿಲೋಮೀಟರಿಗೆ ಒಂದು ಏರು ಇದೆ. ಎಲ್ಲರೂ ಅದನ್ನು ನೋಡಿದೊಡನೆ ಒಂದೇ ಮಾತು ಹೇಳುವುದರಿಂದ ಅದಕ್ಕೆ ಅಯ್ಯೋ ಏರು ಎಂದೇ ಹೆಸರು ಬಿದ್ದಿದೆ. ಬಾಲದಕ್ಕ ಗೇರು ಇಳಿಸಿ ಹತ್ತತೊಡಗಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಮೊಣಕಾಲಿನೊಳಗೆ ಯಾರೋ ಮೊಳೆ ಹೊಡೆಯುತ್ತಿರುವಂತಾಯಿತು. ಇಳಿದು ತಳ್ಳಬಹುದಿತ್ತು. ಆದರೆ ನಾದಿನಿಯ ಮುಂದೆ ಇಳಿಯುವುದೇ? ಅತ್ತಿಗೆ ಏರಿನಲ್ಲಿ ಇಳಿದು ತಳ್ಳಿದ ಕಥೆ ರಾತ್ರಿ ಊಟದ ಹೊತ್ತಿಗೆ ಕೈಕಾಲು ಮೂಡಿಸಿಕೊಂಡು ಗಂಡನ ಕಿವಿಗೆ ಬೀಳುತ್ತದೆ. ಹಲ್ಲು ಕಚ್ಚಿ ತುಳಿದಳು. ತನ್ನ ಅಂಗಿಯ ಬೆವರು ಸೊಂಟಕ್ಕೆ ಇಳಿದದ್ದು ತಿಳಿಯುತ್ತಿತ್ತು. ಹಿಮ್ಮಡಿ ಜೋತುಬಿದ್ದದ್ದೂ ತಿಳಿಯುತ್ತಿತ್ತು. ಇನ್ನು ಮೂರು ನಿಮಿಷ ಎಂದುಕೊಂಡಳು, ಬೇರೆ ಯಾರ ಬೆನ್ನನ್ನೋ ನೋಡುತ್ತಿರುವವಳಂತೆ.

ಆಗ ಅವಳಿಗೆ ಒಂದು ವಿಷಯ ಗಮನಕ್ಕೆ ಬಂತು. ಹಿಂದಿನ ಸದ್ದು ನಿಂತುಹೋಗಿತ್ತು. ಗಂಟೆಯಿಲ್ಲ, ಮಾತಿಲ್ಲ, ಟಯರಿಲ್ಲ. ಎಷ್ಟು ಹೊತ್ತಿನಿಂದ ಹೀಗಿದೆಯೋ ಗೊತ್ತಾಗಲಿಲ್ಲ.

"ಅತ್ತಿಗೆ" ಎಂಬ ಕೂಗು ಕೆಳಗಿನಿಂದ ಬಂತು, ಸುಮಾರು ಎರಡು ಬಸ್ಸಿನಷ್ಟು ದೂರದಿಂದ. "ಸ್ವಲ್ಪ ನಿಲ್ತೀರಾ? ಚೈನ್ ಬಿದ್ದುಹೋಯ್ತು."

ಬಾಲದಕ್ಕ ಇಳಿದಳು. ಸೈಕಲ್ಲನ್ನು ಮರಕ್ಕೆ ಒರಗಿಸಿ, ಕಾಲು ನೀಡಿ, ಬಂಡೆಯ ಮೇಲೆ ಕುಳಿತಳು. ಉಸಿರು ಬಂದೂ ಬಾರದಂತಿತ್ತು. ಕೆಳಗೆ ನಾದಿನಿ ಸೈಕಲ್ಲನ್ನು ತಲೆಕೆಳಗು ಮಾಡಿ, ಈ ಕಡೆ ನೋಡದೆ, ಬಹಳ ಶ್ರದ್ಧೆಯಿಂದ ಪೆಡಲು ತಿರುಗಿಸುತ್ತಿದ್ದಳು. ಚೈನು ಎಲ್ಲಿರಬೇಕೋ ಅಲ್ಲೇ ಇತ್ತು, ಬಿಸಿಲಿಗೆ ಮಿನುಗುತ್ತ ಸಲೀಸಾಗಿ ಓಡುತ್ತಿತ್ತು.

ಹತ್ತು ನಿಮಿಷ ಪೆಡಲು ತಿರುಗುತ್ತಲೇ ಇತ್ತು. ನೀರಿನ ಕಡೆಯಿಂದ ಗಾಳಿ ಬಂತು. ಬೆನ್ನ ಮೇಲಿನ ಅಂಗಿ ತಣ್ಣಗಾಯಿತು. ಇಷ್ಟು ವರ್ಷ ಕಲ್ಲಿನ ಮೇಲೆ ಕುಳಿತವರಿಗೆ ಹೀಗೆ ಅನ್ನಿಸುತ್ತಿತ್ತೇ ಎಂದುಕೊಂಡಳು. ತನ್ನ ಚೈನು ಬಿದ್ದಿರಲಿಲ್ಲವೆಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

"ಸರಿಹೋಯ್ತಾ?" ಎಂದು ಕೂಗಿದಳು.

"ನಿಮಗೆ ಆತುರವೇನಾದ್ರೂ ಇದೆಯಾ?"

"ಇಲ್ಲ."

"ಹಾಗಾದ್ರೆ ಇನ್ನೂ ಸರಿಹೋಗಿಲ್ಲ."

ಮತ್ತೆ ಸ್ವಲ್ಪ ಹೊತ್ತು ಕಳೆಯಿತು. ನಾದಿನಿ ಸೈಕಲ್ ತಳ್ಳಿಕೊಂಡು ಮೇಲೆ ಬಂದಾಗ ಬಾಲದಕ್ಕ ಅವಳ ಅಂಗೈ ಹಿಡಿದು ತಿರುಗಿಸಿ ನೋಡಿದಳು. ಊಟಕ್ಕೆ ಕೂರಬಹುದಾದಷ್ಟು ಚೊಕ್ಕಟವಾಗಿತ್ತು.

"ಯಾರು ಹೇಳಿಕೊಟ್ರು ನಿಂಗೆ?"

"ಯಾರು ಹೇಳ್ಬೇಕು? ನಿಮ್ಮ ಬೆನ್ನು ನೋಡಿದ್ರೆ ಸಾಕಾಗಿತ್ತು. ಇಳೀರಿ ಅಂದ್ರೆ ಇಳಿಯೋ ಪೈಕಿನಾ ನೀವು? ಆಗ ನೆನಪಾಯ್ತು. ಎಷ್ಟು ವರ್ಷದಿಂದ ನಿಮ್ಮ ಬಟ್ಟೆಯ ಮಸಿ ತಿಕ್ಕಿ ತಿಕ್ಕಿ ಸಾಕಾಗಿದೆ ನಂಗೆ. ಹೊಸ ಚೈನು ಹಾಕಿದ ವಾರಾನೂ ಅದೇ ಮಸಿ, ಕೇಳಿದ್ರೆ ಅಯ್ಯೋ ಏರಲ್ಲಿ ಚೈನು ಬಿತ್ತು ಅಂತಿದ್ರಿ. ಈ ಚೈನು ಯಾಕೆ ಅಯ್ಯೋ ಏರಲ್ಲೇ ಬೀಳುತ್ತೆ ಅಂತ ಇವತ್ತು ತಿಳೀತು."

ಬಾಲದಕ್ಕ ಅವಳ ಕೈಯನ್ನು ಹಾಗೇ ಎಳೆದು ಚೈನಿನ ಮೇಲೆ ಒತ್ತಿ, ಎರಡು ಸಲ ಚೆನ್ನಾಗಿ ಉಜ್ಜಿದಳು. ಬೆರಳುಗಳೆಲ್ಲ ಕಪ್ಪಾದವು.

"ಮೊದಲು ಇದನ್ನ ಮಾಡ್ಕೋಬೇಕು. ಕೈ ಚೊಕ್ಕಟ ಇಟ್ಕೊಂಡು ಚೈನ್ ಬಿತ್ತು ಅಂದ್ರೆ ಯಾರು ನಂಬ್ತಾರೆ?"

"ಈ ಅಂಗಿ ಹೊಸದು ಅತ್ತಿಗೆ."

"ನಾನೇ ಒಗೆದುಕೊಡ್ತೀನಿ ಬಾ. ಇನ್ಮೇಲೆ ಮನೇಲಿ ಅದೇ ನನ್ನ ಕೆಲಸ."

ಉಳಿದ ಏರನ್ನು ಅವಳು ನಾಚಿಕೆಯಿಲ್ಲದೆ ತಳ್ಳಿಕೊಂಡು ಹತ್ತಿದಳು. ಹಿಂದಿನವಳೂ ತಳ್ಳಿಕೊಂಡೇ ಬಂದಳು, ದೂರ ಬಿಟ್ಟು.

ಗೇಟಿನ ಹತ್ತಿರ ಬಂದಾಗ ಆರಕ್ಕೆ ಐದು ನಿಮಿಷವಿತ್ತು. ಗೇಟಿನವನು ಸರಪಳಿ ಕೈಯಲ್ಲಿ ಹಿಡಿದು ನಿಂತಿದ್ದ. ಅವಳ ಸೀಟಿನ ಹಿಂದೆ ಕೆಂಪು ಬಟ್ಟೆ ಕಾಣದೆ ಅವನು ತಬ್ಬಿಬ್ಬಾದ.

"ಏನಕ್ಕ, ಬಾಲ ಬಂತು ಅಂತ ಗೇಟು ಹಾಕೋದಾ, ಬೇಡ್ವಾ?"

"ಬೇಡ, ತಡಿ" ಎಂದಳು ಬಾಲದಕ್ಕ, ನಿಲ್ಲದೆ. "ಬಾಲ ಹಿಂದೆ ಬರ್ತಿದೆ."