“ಕಾಕಾ ಅಂತ ಕರೀರಿ ಅಂದಾರ”

ಅದು 2009ನೇ ಇಸವಿ. ಉತ್ತರ ಕರ್ನಾಟಕದಲ್ಲಿ ನೆರೆ ಬಂದು ಊರಿಗೆ ಊರೇ ಮುಳುಗಿದ ವರ್ಷ. ದೀಪಾವಳಿ ಹತ್ತಿರ ಬಂದಿತ್ತು. ಆಗ ನಾವು ಯಲ್ಲಾಪುರ ತಾಲ್ಲೂಕಿನ ಕಿರವತ್ತಿಯಲ್ಲಿ ಹೆದ್ದಾರಿ ಪಕ್ಕ ಸಣ್ಣದೊಂದು ಖಾನಾವಳಿ ನಡೆಸುತ್ತಿದ್ದೆವು. ಮುಂದೆ ಊಟದ ಕೋಣೆ, ಹಿಂದೆ ನಮ್ಮ ಮನೆ. ಯಜಮಾನರು ಗಲ್ಲೆಯಲ್ಲಿ ಕೂರುತ್ತಿದ್ದರು, ನಾನು ಬಡಿಸುತ್ತಿದ್ದೆ. ಮನೆಯೊಳಗಿನ ಅಡುಗೆಮನೆ ಮಾತ್ರ ಅತ್ತೆಯವರ ರಾಜ್ಯ. ಅಲ್ಲಿ ಅವರದು ಕಟ್ಟುನಿಟ್ಟಿನ ಮಡಿ. ಸ್ನಾನ ಮಾಡದೆ ನಾನೇ ಹೊಸ್ತಿಲು ದಾಟುವ ಹಾಗಿರಲಿಲ್ಲ, ಇನ್ನು ಹೊರಗಿನವರ ಮಾತೆಲ್ಲಿ ಬಂತು? ಈ ಮಡಿಯ ವಿಷಯಕ್ಕೆ ನಮ್ಮಿಬ್ಬರಿಗೂ ಆಗಾಗ ಜಟಾಪಟಿ ಆಗುತ್ತಲೇ ಇತ್ತು.

ನನಗೆ ಮೊದಲಿನಿಂದಲೂ ಮಾತು ಜಾಸ್ತಿ. ಊಟಕ್ಕೆ ಬಂದವರ ಊರು, ಮನೆತನ, ಮನೆದೇವರು ಎಲ್ಲ ಕೇಳದಿದ್ದರೆ ನನಗೆ ಸಮಾಧಾನವಿಲ್ಲ. “ಅವ್ರು ಊಟಕ್ಕೆ ಬಂದದ್ದೋ, ಹೆಣ್ಣು ನೋಡಲೆ ಬಂದದ್ದೋ?” ಎಂದು ಯಜಮಾನರು ಹಾಸ್ಯ ಮಾಡುತ್ತಿದ್ದರು.

ಆ ದಿನ ಮಧ್ಯಾಹ್ನದ ಊಟದ ಗಲಾಟೆ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ ಕಡೆಯಿಂದ ಬಂದ ಒಂದು ಟ್ರಾಕ್ಸ್ ನಮ್ಮ ಮುಂದೆ ನಿಂತಿತು. ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ ಇಬ್ಬರು ಹೆಣ್ಣುಮಕ್ಕಳನ್ನು ಇಳಿಸಿಕೊಂಡ. ದೊಡ್ಡವಳಿಗೆ ಹನ್ನೊಂದೋ ಹನ್ನೆರಡೋ ಇರಬಹುದು. ಚಿಕ್ಕವಳಿಗೆ ಆರೇಳು ವರ್ಷ, ಗಾಡಿಯಲ್ಲಿ ವಾಂತಿ ಮಾಡಿಕೊಂಡು ಸೋತುಹೋಗಿದ್ದಳು. ಇಬ್ಬರಿಗೂ ಹೊಸ ಲಂಗ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ.

“ಹೊಳಿ ಬಂದು ಮನಿ ಎಲ್ಲಾ ಬಿದ್ದು ಹೋತ್ರಿ. ನಮ್ಮ ಅಣ್ಣನ ಮಕ್ಕಳು ಇವು. ಅಂಕೋಲಾದಾಗ ನನ್ನ ತಂಗಿ ಅದಾಳ, ಸ್ವಲ್ಪ ದಿವಸ ಅಲ್ಲಿ ಬಿಟ್ಟು ಬರ್ತೀನಿ,” ಎಂದ. ನಯವಾದ ಮಾತು. ನೆರೆಯಿಂದ ಬಂದವರು ಎಂದ ಕೂಡಲೇ ನನ್ನ ಕರುಳು ಚುರ್ ಎಂದಿತು. ಊಟಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ಯಜಮಾನರು ನನಗೆ ಕಣ್ಸನ್ನೆ ಮಾಡಿದರು. ಹಾಗೆ ನೋಡಿದರೆ ಅಂಥ ಒಳ್ಳೆಯ ಕಾಕಾ ಸಿಕ್ಕಿದ್ದು ಮಕ್ಕಳ ಪುಣ್ಯ ಎಂದೇ ನಾನು ಅಂದುಕೊಂಡೆ.

ಅವನು ಕೈ ತೊಳೆಯಲು ಹೊರಗೆ ಹೋದಾಗ ಚಿಕ್ಕವಳು ಬಿಕ್ಕಳಿಸಿ ಅಳತೊಡಗಿದಳು. ನಾನು ಸಮಾಧಾನ ಮಾಡುತ್ತಾ, “ಅಳಬೇಡ ಪುಟ್ಟಿ, ದೇವರು ಇದ್ದಾನೆ. ನಿಮ್ಮ ಮನೆದೇವರು ಯಾರು?” ಎಂದು ಕೇಳಿದೆ. ದೊಡ್ಡವಳು ತಲೆ ಎತ್ತದೆ, “ಬನಶಂಕರಿ ರೀ,” ಎಂದಳು.

ಅವನು ಬಂದು ಕೂತ ಮೇಲೆ ಅನ್ನ ಬಡಿಸುತ್ತಾ, “ಹೆದರಬೇಡಿ, ಆ ಬನಶಂಕರಿ ನಿಮ್ಮ ಕೈ ಬಿಡುವುದಿಲ್ಲ,” ಎಂದೆ. ಅವನು ಅನ್ನ ಕಲಸುತ್ತಲೇ, “ನಮ್ಮ ಮನಿದೇವ್ರು ಎಲ್ಲವ್ವ ರೀ. ವರ್ಷಾ ಗುಡ್ಡಕ್ಕ ಹೋಗ್ತೀವಿ,” ಎಂದ.

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಣ್ಣ ತಮ್ಮಂದಿರಿಗೆ ಮನೆ ಬೇರೆ ಇರಬಹುದು, ಮನಸ್ಸು ಬೇರೆ ಇರಬಹುದು. ಮನೆದೇವರು ಬೇರೆ ಆಗುವುದುಂಟೇ? ಮಕ್ಕಳ ಮುಖ ನೋಡಿದೆ. ದೊಡ್ಡವಳು ಅನ್ನ ಮುಟ್ಟಿರಲೇ ಇಲ್ಲ.

ಗಲ್ಲೆಯ ಹತ್ತಿರ ಹೋಗಿ ಯಜಮಾನರಿಗೆ ಮೆಲ್ಲಗೆ ಹೇಳಿದೆ. “ಅಂವ ಆ ಮಕ್ಕಳ ಕಾಕಾ ಅಲ್ಲ. ಯಂಗೆ ಖಾತ್ರಿ ಇದ್ದು.”

“ನಿಂಗೆ ಎಂತಕ್ಕೆ ಬೇಕೇ ಊರ ಉಸಾಬರಿ?” ಎಂದರು ಅವರು. ನನಗೆ ಸಿಟ್ಟು ಬಂತು. ಆದರೆ ಜಗಳ ಆಡುವ ಹೊತ್ತು ಅದಾಗಿರಲಿಲ್ಲ. ಊಟ ಮುಗಿದರೆ ಮಕ್ಕಳು ಗಾಡಿ ಹತ್ತುತ್ತಾರೆ, ಆಮೇಲೆ ಅವರನ್ನು ಯಾವ ಊರಲ್ಲಿ ಹುಡುಕುವುದು?

“ಸಣ್ಣವಳ ಅಂಗಿ ವಾಸನೆ ಬರ್ತಿದೆ, ತೊಳೆದು ಕೊಡ್ತೇನೆ,” ಎಂದು ಅವನಿಗೆ ಹೇಳಿ, ಅವನು ಬೇಡ ಎನ್ನುವುದರೊಳಗೆ ಇಬ್ಬರನ್ನೂ ಕೈ ಹಿಡಿದು ಒಳಗೆ ಕರೆದೊಯ್ದೆ. ಬಚ್ಚಲಿಗೆ ಹೋಗಬೇಕಾದವಳು ಗಾಬರಿಯಲ್ಲಿ ನೇರ ಅತ್ತೆಯ ಅಡುಗೆಮನೆಗೇ ನುಗ್ಗಿದೆ. ಅತ್ತೆ ಒಲೆಯ ಮುಂದಿನಿಂದ ದಡಬಡಿಸಿ ಎದ್ದರು. ಅವರು ಬಾಯಿ ತೆರೆಯುವ ಮೊದಲೇ ನಾನು ದೊಡ್ಡ ಹುಡುಗಿಯ ಮುಂದೆ ಕೂತು ಕೇಳಿದೆ.

“ನಿಜ ಹೇಳು ಮಗಾ. ಅವರು ನಿಮಗೆ ಏನಾಗಬೇಕು?”

ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ಪಿಸುದನಿಯಲ್ಲಿ, “ಏನೂ ಆಗಬೇಕಿಲ್ರಿ. ಕಾಕಾ ಅಂತ ಕರೀರಿ ಅಂದಾರ,” ಎಂದಳು.

ಅಪ್ಪ ಇಲ್ಲವಂತೆ. ನೆರೆ ಬಂದ ಮೇಲೆ ಅವ್ವನ ಜೊತೆ ಶಾಲೆಯ ಗಂಜಿ ಕೇಂದ್ರದಲ್ಲಿ ಇದ್ದರಂತೆ. ಅಲ್ಲಿಗೆ ಅಕ್ಕಿ, ಬಟ್ಟೆ ಹಂಚಲು ಬಂದವರ ಜೊತೆ ಇವನೂ ಬಂದಿದ್ದ. ಗೋವಾದಲ್ಲಿ ಹಾಸ್ಟೆಲ್ ಇದೆ, ಪುಕ್ಕಟೆ ಓದಿಸುತ್ತೇನೆ ಎಂದು ಅವ್ವನಿಗೆ ಹೇಳಿದ್ದ. ನಮಗೆ ಹೇಳಿದ್ದು ಅಂಕೋಲಾ, ಅವ್ವನಿಗೆ ಹೇಳಿದ್ದು ಗೋವಾ.

“ಗಾಡ್ಯಾಗ ಅವ್ರು ಫೋನ್ ಮಾಡಿದ್ರು ರೀ,” ಎಂದಳು ಹುಡುಗಿ. “ಎರಡು ಸಿಕ್ಕಾವ, ಸಣ್ಣದು ಭಾಳ ಅಳತೈತಿ ಅಂತ ಹೇಳಾಕತ್ತಿದ್ರು.”

ಅತ್ತೆ ಚಿಕ್ಕವಳನ್ನು ಎತ್ತಿ ಒಲೆಯ ಪಕ್ಕದ ಮಣೆಯ ಮೇಲೆ ಕೂರಿಸಿದರು. ನಂತರ ನನಗೆ, “ನೀ ಹೋಗಿ ನಿನ್ನ ಗಂಡಂಗೆ ಹೇಳು, ಪೊಲೀಸ್ರಿಗೆ ಫೋನ್ ಮಾಡ್ಲಿ. ಆನು ಇಲ್ಲಿದ್ದೆ,” ಎಂದರು.

ಈ ಸಲ ಯಜಮಾನರು ಉಸಾಬರಿಯ ಮಾತು ಎತ್ತಲಿಲ್ಲ. ಹಿಂದಿನ ಕೋಣೆಗೆ ಹೋಗಿ ಫೋನ್ ಮಾಡಿದರು. ಯಲ್ಲಾಪುರದಿಂದ ಜೀಪು ಬರುತ್ತದೆ, ಅಲ್ಲಿಯವರೆಗೆ ಹೇಗಾದರೂ ತಡೆಯಿರಿ ಎಂದರಂತೆ. ಟ್ರಾಕ್ಸಿನ ಡ್ರೈವರ್ ಹುಬ್ಬಳ್ಳಿಯಿಂದ ಬಾಡಿಗೆಗೆ ಬಂದವನು, ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಯಜಮಾನರು ಅವನ ಕಿವಿಯಲ್ಲಿ ವಿಷಯ ಹಾಕಿದ್ದೇ ತಡ, ಬೀಗದಕೈ ಜೇಬಿಗಿಳಿಸಿ ಪಾನ್ ಅಂಗಡಿ ಕಡೆ ನಡೆದುಬಿಟ್ಟ.

ಅಷ್ಟರಲ್ಲಿ ಆ ಮನುಷ್ಯನಿಗೆ ಅನುಮಾನ ಬಂದಿತ್ತು. “ಎಷ್ಟೊತ್ರಿ ಅಂಗಿ ತೊಳಿಯೂದು?” ಎನ್ನುತ್ತಾ ಸೀದಾ ಒಳಗೆ ಬಂದ. ನಾನು ಹಿಂದೆಯೇ ಓಡಿದೆ. ಅವನ ಹೆಗಲು ಬಾಗಿಲಷ್ಟು ಅಗಲ ಇತ್ತು. ಅತ್ತೆ ಒಂದು ಹಿಡಿ ಆಗುವಂಥ ಮುದುಕಿ. ಹೊಸ್ತಿಲಿನ ಒಳಗೆ ಅಡ್ಡ ನಿಂತಿದ್ದರು.

“ಮುಂದೆ ಬರಬೇಡ ತಮ್ಮಾ. ನಾನು ಮಡಿಯಲ್ಲಿದ್ದೇನೆ,” ಎಂದರು.

ಮಡಿ ಆಗಲೇ ಮಣ್ಣುಪಾಲಾಗಿತ್ತು. ಆ ಹೊರಗಿನ ಮಗು ಅವರ ಮಣೆಯ ಮೇಲೆ, ವಾಂತಿಯಾದ ಅಂಗಿಯಲ್ಲೇ ಕೂತಿತ್ತು. ಅದು ಅವನಿಗೆ ಕಾಣುವ ಹಾಗಿರಲಿಲ್ಲ. ಅವನು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದ. ಹೆತ್ತವಳ ಮಕ್ಕಳನ್ನು ಕದಿಯಲು ಹೇಸದವನು ಮುದುಕಿಯ ಮಡಿ ಮುರಿಯಲು ಹೆದರಿದ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

“ಮಕ್ಕಳನ್ನ ಹೊರಗ ಕಳಸ್ರಿ,” ಎಂದ. ದನಿಯ ನಯ ಹೋಗಿತ್ತು.

“ಊಟ ಮಾಡ್ತಾ ಇದ್ದಾವೆ. ಉಣ್ಣುವ ಮಕ್ಕಳನ್ನು ಎಬ್ಬಿಸುವುದಿಲ್ಲ,” ಎಂದರು ಅತ್ತೆ. ಅಲ್ಲಾಡಲಿಲ್ಲ.

ಅವನು ನನ್ನನ್ನು ದುರುಗುಟ್ಟಿ ನೋಡಿ, “ಮಂದಿ ಮಕ್ಕಳನ್ನ ಹಿಡಿದಿಟ್ಟೀರಿ ಅಂತ ಕಂಪ್ಲೇಂಟ್ ಕೊಡ್ತೀನಿ,” ಎಂದ. ನನಗೆ ಬಾಯಿ ತಡೆಯಲಿಲ್ಲ. “ಕೊಡಿ, ಪೊಲೀಸರು ಹೇಗೂ ಬರ್ತಾ ಇದ್ದಾರೆ,” ಎಂದುಬಿಟ್ಟೆ. ಆಡಬಾರದ ಮಾತು ಅದು. ಅವನು ತಿರುಗಿ ದಡದಡ ಹೊರಗೆ ಹೋದ. ಗಾಡಿಯಲ್ಲಿ ಡ್ರೈವರ್ ಇರಲಿಲ್ಲ. ರಸ್ತೆ ದಾಟಿ, ಹೊರಡುತ್ತಿದ್ದ ಒಂದು ಲಾರಿ ಹತ್ತಿಕೊಂಡ. ಯಜಮಾನರು ಕೂಗುತ್ತಾ ಓಡಿದರೂ ಲಾರಿ ಸಿಗಲಿಲ್ಲ. ಅವನು ಸಿಕ್ಕಿಬಿದ್ದ ಸುದ್ದಿ ನಮಗೆ ಇಂದಿನವರೆಗೂ ಬಂದಿಲ್ಲ.

ಪೊಲೀಸರು ಮಕ್ಕಳನ್ನು ಯಲ್ಲಾಪುರಕ್ಕೆ ಕರೆದೊಯ್ದರು. ಮರುದಿನ ಅಲ್ಲಿಗೆ ಬಂದ ತಾಯಿಗೆ ಒಪ್ಪಿಸಿದ ಮೇಲೆ, ಊರಿಗೆ ಹೋಗುವ ದಾರಿಯಲ್ಲಿ ಮಹಿಳಾ ಪೇದೆಯೊಬ್ಬರು ಮೂವರನ್ನೂ ನಮ್ಮಲ್ಲಿ ಇಳಿಸಿದರು. ಆ ತಾಯಿಗೆ ನನ್ನಷ್ಟೇ ವಯಸ್ಸು. ಊಟ ಹಾಕಿದರೆ, ಎಡಗೈಯಲ್ಲಿ ಚಿಕ್ಕವಳ ಲಂಗದ ಅಂಚು ಹಿಡಿದುಕೊಂಡೇ ತುತ್ತು ಎತ್ತಿದಳು. ಅರ್ಧ ಊಟಕ್ಕೇ ನಿಲ್ಲಿಸಿ ಹೇಳಿದಳು:

“ನಾನೇ ತಲಿ ಬಾಚಿ, ದಾನಕ್ಕ ಬಂದ ಹೊಸ ಲಂಗ ಹಾಕಿ ಕಳಿಸಿದ್ನ್ರಿ. ನಿಮ್ಮಂಥ ದೇವರು ಯಾರದಾರಪ್ಪಾ ಅಂತ ಅವನ ಕಾಲಿಗೆ ಬಿದ್ದೆ. ಹುಡುಗ್ಯಾರ ಕಡಿಂದ್ಲೂ ಬೀಳಿಸಿದೆ.”

ಅತ್ತೆ ಅವಳ ಹತ್ತಿರ ಹೋಗಿ ತಲೆಯ ಮೇಲೆ ಕೈಯಿಟ್ಟು, ತಮ್ಮ ಮಾತಿನಲ್ಲೇ ಹೇಳಿದರು. “ಮುಂದೆ ಯಾರೇ ಬಂದು ಕೇಳ್ಲಿ, ಮಕ್ಕಳ ಕೊಡಡ ತಂಗಿ. ಎಷ್ಟು ಒಳ್ಳೆಯವ್ರು ಹೇಳಿ ಕಂಡ್ರೂ ಕೊಡಡ. ಯಂಗ ಕೇಳಿದ್ರೂ ಕೊಡಡ.” ನಾವೇ ಬಂದು ಕೇಳಿದರೂ ಕೊಡಬೇಡ ಎಂದು ನಾನು ಅವಳಿಗೆ ಬಿಡಿಸಿ ಹೇಳಿದೆ.

ಹೊರಡುವಾಗ ಅವಳು ನನ್ನ ಕಾಲು ಮುಟ್ಟಲು ಬಗ್ಗಿದಳು. ತಾಯಿಯನ್ನು ನೋಡಿ ಇಬ್ಬರು ಮಕ್ಕಳೂ ಬಗ್ಗಿದರು. ನಾನು ಬೆಂಕಿ ತುಳಿದವಳ ಹಾಗೆ ಹಿಂದೆ ಸರಿದೆ. ಆ ಮನುಷ್ಯನ ಮುಂದೆಯೂ ಆ ಮಕ್ಕಳು ಹೀಗೆಯೇ ಬಗ್ಗಿದ್ದವಲ್ಲ. ಅಂದಿನಿಂದ ಯಾವ ಮಗುವೂ ನನ್ನ ಕಾಲಿಗೆ ಬೀಳಲು ನಾನು ಬಿಟ್ಟಿಲ್ಲ.