ಡೈರಿಯಲ್ಲಿಲ್ಲದ ಎರಡು ಶನಿವಾರ

ಮೊಮ್ಮಗಳು ಕೊಚ್ಚಿಯಲ್ಲಿ ವಿಶ್ವವಿದ್ಯಾಲಯ ಸೇರಿದ ಮೇಲೆ ಅಲ್ಲಿ ಅವಳಿಗೆ ಪೋಷಕ ನಾನೇ. ತಿಂಗಳ ಎರಡನೆಯ, ನಾಲ್ಕನೆಯ ಶನಿವಾರ ತಿರುವನಂತಪುರದಿಂದ ಬೆಳಗಿನ ರೈಲು ಹಿಡಿಯುತ್ತಿದ್ದೆ. ಹತ್ತೂವರೆಗೆ ಹಾಸ್ಟೆಲ್ ಗೇಟು, ದೋಣಿ ಜೆಟ್ಟಿಯ ಎದುರು ಊಟ, ಮೂರಕ್ಕೆ ಅವಳನ್ನು ವಾಪಸು ಬಿಡುವುದು. ಸಂಜೆ ತಿರುವನಂತಪುರದ ಪಟ್ಟಂನ ಮನೆ ಸೇರಿದ ಕೂಡಲೇ ಡೈರಿಯಲ್ಲಿ ಒಂದು ಸಾಲು. ಕೆಲಸದಲ್ಲಿದ್ದಷ್ಟು ವರ್ಷವೂ ಲಾಗ್‌ಬುಕ್ ಬರೆದವನು. ಬರೆಯದಿದ್ದರೆ ನನಗೆ ದಿನ ಮುಗಿಯುವುದಿಲ್ಲ.

ಹೀಗಿರುವಾಗ ಅವರ ಕ್ಯಾಂಪಸ್ಸಿನ ಗಾಸಿಪ್ ಬ್ಲಾಗಿನಲ್ಲಿ ನನ್ನ ಬೆನ್ನಿನ ಫೋಟೊ ಬಂತು. ಪಕ್ಕದಲ್ಲಿ ಅವಳ ಮುಖ, ಸ್ಪಷ್ಟವಾಗಿ. 'ಪ್ರತಿ ಶನಿವಾರ ಬಿಳಿಕೂದಲ ಹೀರೋ ಜತೆ! ನಮ್ಮ ಹುಡುಗರು ಮಾಡಿದ ಪಾಪವೇನು?' ಕೆಳಗೆ ನಗು, ಇನ್ನೂ ಕೆಟ್ಟ ಮಾತು. ಬರೆದವರ ಹೆಸರಿಲ್ಲ. ಬಂದು ವಿವರಣೆ ಕೊಡಿ, ಇಲ್ಲವಾದರೆ ಅವಳ ಹಾಸ್ಟೆಲ್ ಸೀಟು ರದ್ದು ಎಂದು ವಾರ್ಡನ್ ಫೋನ್ ಮಾಡಿದರು.

ಹೋದೆ. ಪೋಷಕರ ಅರ್ಜಿಯಲ್ಲಿದ್ದ ಫೋಟೊ ನೋಡಿ, ನನ್ನ ಮುಖ ನೋಡಿ ವಾರ್ಡನ್ ನಕ್ಕೇಬಿಟ್ಟರು. "ಈ ಹೀರೋ ನೀವೇನಾ ಸಾರ್? ಕ್ಷಮಿಸಿ."

ಅಲ್ಲಿಗೇ ಎದ್ದು ಬರಬಹುದಿತ್ತು. ಆದರೆ ತಪ್ಪು ನಮೂದನ್ನು ಹಾಗೇ ಬಿಡುವುದು ನನ್ನಿಂದಾಗದು.

"ಪ್ರತಿ ಶನಿವಾರ ಅಂತ ಬರೆದಿದ್ದಾರಲ್ಲ, ಅದೂ ಸುಳ್ಳು ಮೇಡಂ. ತಿಂಗಳಿಗೆ ಎರಡೇ ಸಲ. ನೋಡಿ" ಎಂದು ಡೈರಿ ತೆರೆದೆ.

"ತಾತ, ವೇಂಡ," ಎಂದಳು ಪಕ್ಕದಲ್ಲೇ ನಿಂತಿದ್ದ ಮೊಮ್ಮಗಳು. ನನಗೆ ಅರ್ಥವಾಗಲಿಲ್ಲವೇನೋ ಎಂಬಂತೆ ಕನ್ನಡದಲ್ಲೂ ಹೇಳಿದಳು: "ಬೇಡ ತಾತ, ಪ್ಲೀಸ್."

ವಾರ್ಡನ್ ಅಷ್ಟರಲ್ಲಿ ಗೇಟಿನ ರಿಜಿಸ್ಟರ್ ತರಿಸಿ ಡೈರಿಯ ಪಕ್ಕ ಇಟ್ಟಿದ್ದರು. ಹಿಂದಿನ ತಿಂಗಳ ಮೊದಲನೆಯ, ಮೂರನೆಯ ಶನಿವಾರವೂ ಅವಳ ದುಂಡು ಅಕ್ಷರದಲ್ಲಿತ್ತು: ತಾತನ ಜತೆ.

"ಈ ಎರಡು ದಿನ ನೀವು ಬಂದಿರಲಿಲ್ಲವಾ ಸಾರ್? ಸುಳ್ಳು ಬರೆದು ಹೊರಗೆ ಹೋದವರನ್ನು ನಾವು ಇಟ್ಟುಕೊಳ್ಳೋದಿಲ್ಲ."

ಬ್ಲಾಗಿನಿಂದ ಆಗದ್ದನ್ನು ನಾನು ಮಾಡಿದ್ದೆ. ಮೊಮ್ಮಗಳು ನೆಲ ನೋಡುತ್ತಿದ್ದಳು.

"ಬಂದಿದ್ದೆ," ಎಂದೆ.

"ಡೈರಿಯಲ್ಲಿ ಇಲ್ಲವಲ್ಲ?"

"ಬರೆಯೋದು ಮರೆತಿದ್ದೆ. ವಯಸ್ಸಾಯಿತು."

ಜೇಬಿನ ಪೆನ್ನು ತೆಗೆದು ಅವರ ಎದುರಿಗೇ ಎರಡೂ ಪುಟದಲ್ಲಿ 'ಕೊಚ್ಚಿ' ಎಂದು ಬರೆದೆ. ಎರಡನೆಯದು ಸೊಟ್ಟಗಾಯಿತು. ವಾರ್ಡನ್ ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ರಿಜಿಸ್ಟರ್ ಮುಚ್ಚಿ ಹೇಳಿದರು: "ಇನ್ನು ಮೇಲೆ ಗೇಟಿನಲ್ಲಿ ನೀವೂ ಸಹಿ ಹಾಕಬೇಕು. ಮರೆಯಬೇಡಿ ಸಾರ್."

ಸೀಟು ಉಳಿಯಿತು. ಹೊರಗೆ ಬಂದಾಗ ಅವಳು, "ತಾತ, ಆವತ್ತು ನಾನು..." ಎಂದು ಶುರು ಮಾಡಿದಳು.

"ಇವತ್ತು ಬೇಡ," ಎಂದೆ. ಅವಳು ಏನು ಹೇಳಿದರೂ ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವಾಪಸು ಬರುವ ರೈಲಿನಲ್ಲಿ ಫೋನ್ ತೆರೆದು ಅದೇ ಬ್ಲಾಗನ್ನು ಮೇಲಿಂದ ಕೆಳಗೆ ಓದುತ್ತಾ ಕೂತೆ. ಆ ಎರಡು ಶನಿವಾರದ್ದು ಏನಾದರೂ ಬಂದಿದೆಯೇ ಎಂದು ಹುಡುಕುತ್ತಿದ್ದೆ.