ಭಾನುವಾರದ ಮಳೆ

ಮೂಕಪ್ಪನ ಬಗ್ಗೆ ಬರೆಯಲು ಕೂತಾಗೆಲ್ಲ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಆದರೂ ಬರೆಯುತ್ತೇನೆ. ಅವನ ಹೆಸರು ಕೆಡಿಸಿದವನು ನಾನು, ಬೇರೆ ಯಾರೋ ಬಂದು ಸರಿಮಾಡುತ್ತಾರೆಂದು ಕಾಯುವುದು ನಾಚಿಕೆಗೇಡು.

ಚನ್ನಗಿರಿ ತಾಲ್ಲೂಕಿನ ಒಂದು ಹೋಬಳಿ ಕಚೇರಿ. ಊರಿನ ಹೆಸರು ಬೇಡ. ಅಲ್ಲಿ ನಾನು, ರೇಣುಕಪ್ರಸಾದ್, ಗುಮಾಸ್ತ. ಮೂಕಪ್ಪ ಜವಾನ. ನನಗಿಂತ ಐದು ವರ್ಷ ದೊಡ್ಡವನು, ಆದರೂ ನಾನು ಅವನಿಗೆ ಏಕವಚನ, ಅವನು ನನಗೆ ‘ಸಾರ್’. ಅವರ ಕೇರಿಯ ಮನೆಗಳಲ್ಲಿ ಬುದ್ಧನ ಪಟ ಬಂದ ಮೇಲೂ ನಮ್ಮ ಕಚೇರಿಯಲ್ಲಿ ಅದೇನೂ ಬದಲಾಗಲಿಲ್ಲ.

ಕಚೇರಿಯ ಹಿಂದೆ ತಂತಿಬೇಲಿಯೊಳಗೆ ಮಳೆಮಾಪಕವಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಎಷ್ಟು ಮಿಲಿಮೀಟರ್ ಎಂದು ಬರೆಯುವುದು ಮೂಕಪ್ಪನ ಕೆಲಸ. ಮೂವತ್ತೊಂದು ವರ್ಷ ಮಾಡಿದ. ಕಚೇರಿಯ ರಿಜಿಸ್ಟರಿನಲ್ಲಿ ಬರೆದದ್ದನ್ನು ಮನೆಯಲ್ಲಿ ತನ್ನದೊಂದು ನೋಟ್‌ಬುಕ್ಕಿನಲ್ಲೂ ಬರೆದಿಡುತ್ತಿದ್ದ. ಇದ್ಯಾವ ಹುಚ್ಚು ಎಂದು ನಾವು ತಮಾಷೆ ಮಾಡುತ್ತಿದ್ದೆವು. ರಿಜಿಸ್ಟರಿಗೆ ಗೆದ್ದಲು ಹತ್ತಿದ ವರ್ಷ ತಮಾಷೆ ನಿಂತಿತು.

ಕಂಪ್ಯೂಟರ್ ಬಂದ ಮೇಲೆ ರಿಜಿಸ್ಟರು ನಿಂತಿತು, ಮೂಕಪ್ಪ ಚೀಟಿಯಲ್ಲಿ ಬರೆದುಕೊಟ್ಟ ಅಂಕಿಗಳನ್ನು ತುಂಬುವುದು ನನ್ನ ಪಾಲಿಗೆ ಬಂತು. ಭಾನುವಾರ ಕಚೇರಿಗೆ ರಜೆ, ಮೂಕಪ್ಪ ಬಂದು ಅಳೆದರೂ ನಾನು ಬರುತ್ತಿರಲಿಲ್ಲ. ಸೋಮವಾರ ಬಂದು ನೋಡಿದರೆ ಪರದೆಯ ಮೇಲೆ ಭಾನುವಾರದ ಅಂಕಿ ತುಂಬುವ ಮನೆ ಮುಚ್ಚಿಕೊಂಡಿರುತ್ತಿತ್ತು. ಅದನ್ನು ತೆರೆಸಲು ಮೇಲಿನ ಕಚೇರಿಗೆ ಪತ್ರ ಬರೆಯಬೇಕು. ಯಾರಿಗೆ ಬೇಕು ಆ ಉಸಾಬರಿ? ಭಾನುವಾರಕ್ಕೆ ಸೊನ್ನೆ ಬಿಟ್ಟು, ಎರಡೂ ದಿನದ್ದನ್ನು ಕೂಡಿಸಿ ಸೋಮವಾರಕ್ಕೆ ಹಾಕಿಬಿಡುತ್ತಿದ್ದೆ. ತಿಂಗಳ ಮೊತ್ತ ಸರಿಯಾಗಿದ್ದರೆ ಸಾಕು, ಮೇಲಿನವರು ನೋಡುತ್ತಿದ್ದದ್ದು ಅಷ್ಟನ್ನೇ. ಹೀಗೆ ಹತ್ತು ವರ್ಷ ದಬ್ಬಿದೆ.

ಮೂಕಪ್ಪ ನಿವೃತ್ತನಾಗಿ ಮೂರು ವರ್ಷಕ್ಕೆ ಕಲ್ಪನಾ ಎಂಬ ಸಂಶೋಧಕಿ ಬಂದಳು. ಸಾಸ್ವೆಹಳ್ಳಿ ಕಡೆಯ ಹುಡುಗಿ, ಮಾತು ನೇರ. ಜಗಳೂರಿನಲ್ಲಿ ಧೂಳು ಏಳುವ ದಿನ ಚನ್ನಗಿರಿಯಲ್ಲಿ ಚರಂಡಿ ತುಂಬಿ ಹರಿಯುತ್ತದೆ, ಆದರೂ ಜಿಲ್ಲೆಗೆಲ್ಲ ಒಂದೇ ಮುನ್ಸೂಚನೆ ಎಂದಳು. ಪ್ರತಿ ಹೋಬಳಿಯ ಹಳೆಯ ದಿನದಿನದ ಮಳೆಯೊಂದಿಗೆ ಹೋಲಿಸಿ ಆ ಮುನ್ಸೂಚನೆಯನ್ನು ತಿದ್ದುವ ವಿಧಾನವನ್ನು ಅವಳ ತಂಡ ಕಂಡುಹಿಡಿದಿತ್ತು. ಪ್ರಬಂಧ ಅಚ್ಚೂ ಆಗಿತ್ತು. ಇನ್ನು ಅದು ರೈತರ ಫೋನಿಗೆ ಬರಬೇಕಿತ್ತು. ಅದಕ್ಕೆ ನಂಬಬಹುದಾದ ಅಂಕಿ ಬೇಕು. ಅಂಕಿ ಸಿಗದ ಹೋಬಳಿಗೆ ದೂರದ ಊರಿನ ಮುನ್ಸೂಚನೆಯೇ ಗತಿ.

‘ನಿಮ್ಮ ಹೋಬಳೀಲಿ ಹತ್ತು ವರ್ಷ ಭಾನುವಾರ ಒಂದು ಹನಿಯೂ ಬಿದ್ದಿಲ್ಲ’ ಎಂದು ಅವಳು ನಕ್ಕಳು.

ಸುದ್ದಿ ತಿಳಿದು ಮೂಕಪ್ಪ ಚೀಲದ ತುಂಬ ನೋಟ್‌ಬುಕ್ಕು ತಂದ. ಅವಳು ಪುಟ ತಿರುಗಿಸುತ್ತ ಹಿಗ್ಗಿಹೋದಳು. ಭಾನುವಾರದ ಮಳೆಯೆಲ್ಲ ಅದರಲ್ಲಿತ್ತು. ಎರಡು ದಿನದ್ದನ್ನು ಕೂಡಿಸಿ ತುಂಬಿದ್ದೇವೆಂದು ಕಚೇರಿಯಿಂದ ಒಂದು ಪತ್ರ ಕೊಟ್ಟರೆ ಸಾಕು, ಈ ನೋಟ್‌ಬುಕ್ಕುಗಳನ್ನೇ ತೆಗೆದುಕೊಳ್ಳುತ್ತೇವೆ ಎಂದಳು. ಮೂಕಪ್ಪನ ಮುಖದಲ್ಲಿ ಅಂಥ ಕಳೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ತಾನು ಅಳೆದ ಮಳೆ ಒಬ್ಬರ ಉಪಯೋಗಕ್ಕೆ ಬರುವುದನ್ನು ಕಾಣುವ ಆಸೆ ಅವನಿಗೆ ಎಷ್ಟಿತ್ತೆಂದು ಆ ಹೊತ್ತು ತಿಳಿಯಿತು.

ಅವಳು ನನ್ನ ಕಡೆ ತಿರುಗಿ, ಕೂಡಿಸಿ ತುಂಬುತ್ತಿದ್ದಿರಾ ಎಂದು ಕೇಳಿದಳು. ನನ್ನ ಬಡ್ತಿಯ ಫೈಲು ಆಗಷ್ಟೇ ಮೇಲಕ್ಕೆ ಹೋಗಿತ್ತು. ಅಂಥ ಪದ್ಧತಿ ನಮ್ಮಲ್ಲಿಲ್ಲ ಎಂದುಬಿಟ್ಟೆ.

ಬಾಗಿಲ ಹತ್ತಿರ ನಿಂತಿದ್ದ ಮೂಕಪ್ಪ ನನ್ನನ್ನು ನೋಡಿದ. ಕುರ್ಚಿ ಖಾಲಿಯಿತ್ತು, ನಿವೃತ್ತನಾದರೂ ಕೂತಿರಲಿಲ್ಲ.

‘ಭಾನುವಾರ ನಾನೇ ಬರ್ತಿರಲಿಲ್ಲ ಮೇಡಂ’ ಎಂದ. ‘ಸೋಮವಾರ ಅಳ್ದು, ಮನೇಲಿ ಅಂದಾಜಿನ ಮೇಲೆ ಎರಡು ದಿನಕ್ಕೆ ಹಂಚಿ ಬರೀತಿದ್ದೆ.’

ಕಲ್ಪನಾ ನೋಟ್‌ಬುಕ್ಕು ಮುಚ್ಚಿದಳು. ಅಂದಾಜಿನ ಅಂಕಿಯನ್ನು ತೆಗೆದುಕೊಳ್ಳಲಾಗದು ಎಂದು ಮೆತ್ತಗೆ ಹೇಳಿ ಹೊರಟಳು. ಅವಳ ಮೇಲೆ ನನಗೆ ದೂರಿಲ್ಲ. ಸುಳ್ಳು ಹೇಳಿದ ಇಬ್ಬರ ಮುಂದೆ ಅವಳೊಬ್ಬಳೇ ಸರಿಯಾಗಿ ನಡೆದುಕೊಂಡಳು.

ಯಾಕೆ ಹಾಗಂದೆ ಎಂದು ಮೂಕಪ್ಪನನ್ನು ಹೊರಗೆ ಕೇಳಿದೆ. ‘ನಿಮ್ಮ ಫೈಲ್ ಹೋಗೈತಲ್ಲ ಸಾರ್. ನಂದೇನು, ರಿಟೈರ್ ಆದೋನು’ ಎಂದ. ನನಗೆ ಅಳು ಬರಬೇಕಿತ್ತು. ಬಂದದ್ದು ನಿರಾಳ. ಬಡ್ತಿಯೂ ಬಂತು, ಎರಡು ವರ್ಷ ದೊಡ್ಡ ಮೇಜಿನ ಹಿಂದೆ ಕೂತು ನಿವೃತ್ತನಾದೆ.

ಹೊಸ ಮುನ್ಸೂಚನೆ ಶುರುವಾಯಿತು. ಅಕ್ಕಪಕ್ಕದ ಹೋಬಳಿಗಳಿಗೆ ಅವರವರ ಮಳೆ, ನಮಗೆ ದೂರದ ಊರಿನದು. ಹೋದ ವರ್ಷ ಅಕ್ಟೋಬರಿನಲ್ಲಿ, ಮೂರು ದಿನ ಮಳೆಯಿಲ್ಲ ಎಂದು ಫೋನು ಹೇಳಿತು. ಬೇಯಿಸಿದ ಅಡಿಕೆಯನ್ನು ಎಲ್ಲರೂ ಕಣದ ತುಂಬ ಹರವಿದರು. ಎರಡನೆಯ ದಿನ ಮಧ್ಯಾಹ್ನವೇ ಮಳೆ ಹೊಡೆಯಿತು. ಟಾರ್ಪಾಲು ಎಳೆಯುವಷ್ಟೂ ಪುರುಸೊತ್ತು ಕೊಡಲಿಲ್ಲ. ಪಕ್ಕದ ಹೋಬಳಿಯವರಿಗೆ ಮಳೆಯ ಎಚ್ಚರಿಕೆ ಬಂದಿತ್ತು, ಅವರು ಹರವಿರಲೇ ಇಲ್ಲ.

ಭಾನುವಾರ ಬರುತ್ತಿರಲಿಲ್ಲ ಎಂದು ಮೂಕಪ್ಪ ಒಪ್ಪಿಕೊಂಡ ಮಾತು ಅಷ್ಟರಲ್ಲಿ ಊರಿಗೆಲ್ಲ ಹಬ್ಬಿತ್ತು. ಚಾದಂಗಡಿಯಲ್ಲಿ ಬೀರಲಿಂಗಪ್ಪ, ಅವನ ಕಣದ ಅಡಿಕೆಯೂ ಹೋಗಿತ್ತು, ಎಲ್ಲರೆದುರು ಬೈದ. ‘ಆ ಮೂಕಪ್ಪ ಭಾನುವಾರ ಎದ್ದು ಬಂದಿದ್ರೆ ನಮಗೀ ಗತಿ ಬರ್ತಿರಲಿಲ್ಲ. ಪುಗಸಟ್ಟೆ ಸಂಬಳ ತಿಂದ.’ ನಾನು ಚಾ ಕುಡಿದು ಮುಗಿಸಿ ಎದ್ದೆ.

ಸಂಜೆ ಮೂಕಪ್ಪನ ಮನೆಗೆ ಹೋದೆ. ಅವನು ಮಲಗಿದ್ದ, ಎದ್ದು ಬರಲಿಲ್ಲ. ಅವನ ಹೆಂಡತಿ ಓಬವ್ವ ಬಾಗಿಲಲ್ಲೇ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ.

‘ನಮ್ಮ ಮಗಳ ಮದುವೆ ಭಾನುವಾರನೇ ಆಗಿದ್ದು ಸಾರ್’ ಎಂದಳು. ‘ಬೀಗರನ್ನ ಕೂರಿಸಿ ಇವ್ರು ಮಳೆ ಅಳಿಯಾಕೆ ಓಡಿದ್ರು. ನೀವೂ ಬೆಳಿಗ್ಗೆನೇ ಬಂದಿದ್ರಿ, ನೋಡಿದ್ರಿ.’

ತಪ್ಪಾಯಿತು ಓಬವ್ವ ಎಂದೆ.

‘ನನಗ್ಯಾಕೆ ಹೇಳ್ತೀರಿ? ಚಾದಂಗಡೀಲಿ ಹೇಳ್ರಿ.’

ಆಮೇಲೂ ನಾನು ದಿನಾ ಚಾದಂಗಡಿಗೆ ಹೋಗುತ್ತಿದ್ದೇನೆ. ಇನ್ನೂ ಹೇಳಿಲ್ಲ.